ಹಸಿರು ಆನೆ ಮತ್ತು ಮುನಿಯಪ್ಪ

ಹೋದ ತಿಂಗಳು ದೇವನಹಳ್ಳಿ ಬೈಪಾಸಿನಲ್ಲಿ ವಾಹನಗಳ ಸಾಲು ನಿಂತುಬಿಟ್ಟಿತ್ತು. ರಸ್ತೆಯ ನಡುವೆ ಬೆಳೆಸಿದ ಬೇಲಿಗಿಡಗಳನ್ನು ನಾಲ್ಕೈದು ಜನ ಯಂತ್ರ ಹಿಡಿದು ಕತ್ತರಿಸುತ್ತಿದ್ದರು. ಬೆಳಿಗ್ಗೆ ಸಣ್ಣ ತುಂತುರು ಬಿದ್ದಿತ್ತು. ಹಸಿ ಎಲೆ ಕತ್ತರಿಸಿದಾಗ ಬರುವ, ಸ್ವಲ್ಪ ಒಗರು, ಸ್ವಲ್ಪ ಸಿಹಿಯಾದ ವಾಸನೆ ನನ್ನ ಹೆಲ್ಮೆಟ್ಟಿನೊಳಗೂ ನುಗ್ಗಿತು. ಹಿಂದಿನ ಕಾರಿನವನು ಎರಡು ಸಲ ಹಾರ್ನ್ ಹೊಡೆದ ಮೇಲೆಯೇ ದಾರಿ ಬಿಟ್ಟಿದ್ದಾರೆ ಎಂದು ನನಗೆ ಗೊತ್ತಾಗಿದ್ದು. ಅಷ್ಟು ಹೊತ್ತಿಗೆ ನಾನು ಕ್ಯಾಲೆಂಡರಿನ ವರ್ಷಕ್ಕೆ ಹೋಗಿಬಿಟ್ಟಿದ್ದೆ.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಅಪ್ಪ ಶುರುಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಪಾಸ್‌ಪೋರ್ಟ್ ಸೈಜಿನ ಮುಖಗಳು, ಶಾಲೆಯ ಗ್ರೂಪ್ ಫೋಟೋ, ನಾಮಕರಣ, ಸೀಮಂತ. ಎಲ್ಲರ ಕೈಯಲ್ಲೂ ಕ್ಯಾಮೆರಾ ಬಂದ ಮೇಲೆ ಇಷ್ಟಾದರೂ ಉಳಿದಿದೆಯಲ್ಲ ಎಂದುಕೊಂಡು ಇದ್ದವಳು. ಅಂಥ ಒಂದು ಜನವರಿಯಲ್ಲಿ ನಮ್ಮ ಕಡೆಯ ಒಂದು ಸಹಕಾರ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದರು. ಮುಂದಿನ ವರ್ಷಕ್ಕೆ ಸಂಘದಿಂದ ಗೋಡೆ ಕ್ಯಾಲೆಂಡರ್ ಮಾಡಿಸಬೇಕಂತೆ.

"ದೇವರ ಪಟ ಬೇಡ, ಎಲ್ಲರೂ ಅದನ್ನೇ ಹಾಕಿಸ್ತಾರೆ. ನಮ್ಮ ಜಿಲ್ಲೇಲಿ ನೋಡೋ ಅಂಥ ಹನ್ನೆರಡು ಜಾಗ ತೆಗೀರಿ ಮೇಡಂ. ತಿಂಗಳಿಗೊಂದು. ಪೂರ್ತಿ ವರ್ಷ ಟೈಮ್ ಇದೆ. ಕೊನೇ ಪುಟದಲ್ಲಿ ನಿಮ್ಮ ಹೆಸರೂ ಸ್ಟುಡಿಯೋ ವಿಳಾಸವೂ ಇರುತ್ತೆ," ಎಂದರು.

ಹೆಸರು ಎಂದ ಕೂಡಲೇ ನಾನು ಒಪ್ಪಿಕೊಂಡೆ. ಇಪ್ಪತ್ತು ವರ್ಷ ಫೋಟೋ ತೆಗೆದಿದ್ದರೂ ಯಾವ ಗೋಡೆಯ ಮೇಲೂ ನನ್ನ ಹೆಸರು ಇರಲಿಲ್ಲ.

ಮೊದಲು ಹೋಗಿದ್ದು ಘಾಟಿಯ ದನಗಳ ಜಾತ್ರೆಗೆ. ಬೆಳಗಿನ ಮಂಜಿನಲ್ಲಿ ಬಯಲಿನ ತುಂಬ ಎತ್ತುಗಳು, ನಡುನಡುವೆ ಹುಲ್ಲಿನ ಮೆದೆಗಳು, ಮೂರು ಕಲ್ಲಿನ ಒಲೆಯ ಮೇಲೆ ಕುದಿಯುತ್ತಿದ್ದ ಸಾರು. ಚಪ್ಪರ ಹಾಕಿ, ಕೆಳಗೆ ಜಮಖಾನ ಹಾಸಿ, ತಮ್ಮ ಜೋಡಿಯನ್ನು ಮದುಮಕ್ಕಳ ಹಾಗೆ ನಿಲ್ಲಿಸಿದ್ದವರೂ ಇದ್ದರು. ಎರಡು ದಿನ ಅಲ್ಲೇ ಓಡಾಡಿದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುವ ಕೈಗಳು, ಮಾರಿದ ಎತ್ತಿನ ಕತ್ತು ಸವರುತ್ತ ಸುಮ್ಮನೆ ನಿಂತಿದ್ದ ಹೆಂಗಸು, ಎಲ್ಲವನ್ನೂ ತೆಗೆದೆ. ಕಾರ್ಯದರ್ಶಿ ಒಂದೊಂದನ್ನೇ ನೋಡಿದರು. ಕೊನೆಗೆ ಬರೀ ಒಂದು ಎತ್ತಿನ ಮುಖ ಇದ್ದದ್ದನ್ನು ಆರಿಸಿಕೊಂಡರು.

"ಜನ ಬೇಡ ಮೇಡಂ. ಈ ವರ್ಷ ಸಂಘದ ಎಲೆಕ್ಷನ್ ಬೇರೆ ಇದೆ. ಒಬ್ಬರ ಮುಖ ಹಾಕಿದ್ರೆ, ಇವ್ನದ್ಯಾಕೆ ಹಾಕಿದ್ರಿ, ನಮ್ಮೋರದ್ಯಾಕಿಲ್ಲ ಅಂತ ಶುರುವಾಗುತ್ತೆ. ಜಾಗ ಮಾತ್ರ ಇರ್ಲಿ, ಯಾರ ತಂಟೇನೂ ಇಲ್ಲ."

ಅವರು ಹೇಳಿದ್ದರಲ್ಲಿ ಕೆಟ್ಟದ್ದೇನೂ ನನಗೆ ಕಾಣಲಿಲ್ಲ. ಅಲ್ಲಿಂದ ಮುಂದೆ ನಾನು ಜನ ಹೋಗುವುದನ್ನು ಕಾಯುವುದಕ್ಕೆ ಕಲಿತೆ. ಆಷಾಢದ ಗಾಳಿಯಲ್ಲಿ ಶಿವಗಂಗೆಯ ಮೆಟ್ಟಿಲ ಮೇಲೆ ಟ್ರೈಪಾಡ್ ಹಿಡಿದುಕೊಂಡು ಕೂತಿದ್ದೆ. ಒಂದು ಗುಂಪು ಇಳಿಯುವಷ್ಟರಲ್ಲಿ ಇನ್ನೊಂದು ಹತ್ತುತ್ತಿತ್ತು. ಸೌತೆಕಾಯಿಗೆ ಖಾರದಪುಡಿ ಹಚ್ಚಿ ಮಾರುತ್ತಿದ್ದ ಹೆಂಗಸನ್ನು, ಐದು ನಿಮಿಷ ಬುಟ್ಟಿ ಸರಿಸಿಕೊಳ್ಳಮ್ಮ ಎಂದು ಕೇಳಿದೆ. "ನಿಮಗೆ ಬೇಕಾಗಿರೋದು ಬಂಡೆ ತಾನೆ, ತಗೊಳ್ಳಿ," ಎಂದು ಆಕೆ ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಹೋದಳು. ದೇವನಹಳ್ಳಿ ಕೋಟೆಯ ಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಜೋಡಿಗಳು ಎದ್ದು ಹೋಗುವ ತನಕ ಒಂದು ಸಂಜೆ ಪೂರ್ತಿ ಕಾದೆ. ಸಾಸಲಿನ ಕಡೆ ರಾಗಿ ಹೊಲದಲ್ಲಿ ಕಳೆ ತೆಗೆಯುವವರು ಊಟಕ್ಕೆ ಹೋದಾಗ ಹೊಲ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಚೊಕ್ಕಟವಾಗಿದ್ದವು. ನನಗೆ ಖುಷಿಯೂ ಆಗುತ್ತಿತ್ತು.

ಶ್ರಾವಣದಲ್ಲಿ ತೋಟಕ್ಕೆ ಹೋದೆ. ದೇವನಹಳ್ಳಿಯಿಂದ ಕುಂದಾಣದ ಕಡೆಗೆ ಹೋಗುವ ದಾರಿಯಲ್ಲಿ ಹಳೆಯ ಬಂಗಲೆಯೊಂದರ ಸುತ್ತ ಇರುವ ಸಾರ್ವಜನಿಕ ತೋಟ ಅದು. ಮಹಾರಾಜರ ಕಾಲದ್ದು ಎಂದು ಕೆಲವರು, ಅದಕ್ಕೂ ಹಿಂದಿನ ಯಾವನೋ ದೊರೆ ಮಾಡಿಸಿದ್ದು ಎಂದು ಕೆಲವರು. ಬಂಗಲೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ. ಆದರೆ ತೋಟ ಮಾತ್ರ ತಲೆ ಬಾಚಿದ ಹಾಗಿತ್ತು. ಹಳೆಯ ಮಳೆಮರಗಳ ಕೆಳಗೆ ಕಲ್ಲಿನ ಬೆಂಚು, ಗುಲಾಬಿಯ ಪಾತಿ, ಮೂಲೆಯಲ್ಲಿ ಎರಡು ಚಕ್ಕೋತದ ಮರ. ಇವೆಲ್ಲದರ ನಡುವೆ, ಹುಲ್ಲುಹಾಸಿನ ಮೇಲೆ, ಬೇಲಿಗಿಡದಲ್ಲಿ ಬೆಳೆಸಿ ಕತ್ತರಿಸಿದ ಒಂದು ಹಸಿರು ಆನೆ. ಸಣ್ಣಪುಟ್ಟದ್ದಲ್ಲ. ನಿಜವಾದ ಆನೆಯಷ್ಟೇ ಎತ್ತರ, ಸೊಂಡಿಲು ಮುಂದಕ್ಕೆ ಚಾಚಿಕೊಂಡು ಯಾರನ್ನೋ ಕರೆಯುವಂತೆ ನಿಂತಿತ್ತು.

ಅದರ ಬೆನ್ನಿಗೆ ಏಣಿ ಒರಗಿಸಿಕೊಂಡು ದೊಡ್ಡ ಕತ್ತರಿಯಲ್ಲಿ ಎಲೆ ಸವರುತ್ತಿದ್ದವರು ಮುನಿಯಪ್ಪ. ಅರವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಆಳು. ಆ ತೋಟದಲ್ಲಿ ದಿನಗೂಲಿಗೆ ಸೇರಿ ಮೂವತ್ತು ವರ್ಷ ಆಗಿತ್ತಂತೆ. ಆನೆಗೆ ಕಂಬಿಯ ಗೂಡು ಕಟ್ಟಿ ಗಿಡ ನೆಟ್ಟವರೂ ಅವರೇ.

"ಕಾಲು ಬೇಗ ಬಂದ್ಬಿಡ್ತು ಮೇಡಂ. ಹೊಟ್ಟೇನೂ ಪರ್ವಾಗಿಲ್ಲ. ಸೊಂಡ್ಲು ಮಾತ್ರ ನಾಕು ವರ್ಷ ಆಟ ಆಡಿಸ್ತು. ಗಿಡ ಮೇಲಕ್ಕೆ ಹೋಗ್ತೀನಿ ಅಂತದೆ, ನಾನು ಮುಂದಕ್ಕೆ ಬಾ ಅಂತೀನಿ," ಎಂದರು.

ಮೂರು ದಿನ ಹೋದೆ, ಮೂರು ದಿನವೂ ಮೋಡ. ಅವರು ತಮ್ಮ ಕೆಲಸ ಮಾಡುತ್ತ ನನ್ನ ಜೊತೆ ಮಾತಾಡುತ್ತಿದ್ದರು. ಹೊಸಕೋಟೆ ಕಡೆ ಮದುವೆ ಮಾಡಿಕೊಟ್ಟ ಮಗಳು ಭಾಗ್ಯಳ ಸುದ್ದಿ, ಯಾವ ಮರಕ್ಕೆ ಯಾವಾಗ ಸಿಡಿಲು ಬಡಿಯಿತು ಎನ್ನುವ ಸುದ್ದಿ. ನಾಲ್ಕನೆಯ ದಿನ ಬೆಳಿಗ್ಗೆ ಮಳೆ ಬಿದ್ದು ಬಿಸಿಲು ಬಂತು. ನಾನು ಕ್ಯಾಮೆರಾ ಹೂಡುವಾಗ ಅವರು ಹತ್ತಿರ ಬಂದು ಕೇಳಿದರು, "ಇದು ಕ್ಯಾಲೆಂಡರ್‌ಗೆ ಅಲ್ವಾ ಮೇಡಂ? ಅದ್ರಲ್ಲಿ ನಾನೂ ಬರ್ತೀನಾ?"

"ಬರ್ತೀರಿ, ನಿಂತ್ಕೊಳ್ಳಿ," ಎಂದೆ. ಯೋಚನೆ ಮಾಡಿ ಹೇಳಿದ ಮಾತಲ್ಲ. ಆನೆಯನ್ನು ಒಂಟಿಯಾಗಿಯೂ ತೆಗೆದರಾಯಿತು ಎಂದುಕೊಂಡಿದ್ದೆ.

ಅವರು ಹಾರೆ ಗುದ್ದಲಿ ಇಡುವ ಕೋಣೆಗೆ ಹೋದರು. ಬರುವಾಗ ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಮೂರು ದಿನದಿಂದಲೂ ಅದನ್ನು ಚೀಲದಲ್ಲಿ ತಂದು ಇಟ್ಟುಕೊಂಡಿದ್ದರಂತೆ. ಆನೆಯ ಸೊಂಡಿಲಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದು ನಿಂತರು. ಎಲೆಯ ಮೇಲಿನ ನೀರಿಗೆ ಬಿಸಿಲು ತಾಗಿತ್ತು. ಆ ವರ್ಷ ನಾನು ತೆಗೆದದ್ದರಲ್ಲಿ ಅದೇ ಒಳ್ಳೆಯ ಫೋಟೋ. ಆನೆಯನ್ನು ಒಂಟಿಯಾಗಿ ತೆಗೆಯುವಷ್ಟರಲ್ಲಿ ಮೋಡ ಕವಿಯಿತು, ಮತ್ತೆ ಬೆಳಕು ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಸಂಘದ ಸಮಿತಿಯವರು ಎಲ್ಲ ಫೋಟೋ ನೋಡಿದರು. ಆನೆಯನ್ನು ಆಗಸ್ಟ್ ತಿಂಗಳಿಗೆ ಆರಿಸಿದರು. ಮಂಕು ಬೆಳಕಿನ ಒಂಟಿ ಆನೆ ಯಾರಿಗೂ ಹಿಡಿಸಲಿಲ್ಲ. "ಇದೇ ಇರ್ಲಿ, ಆ ಮನುಷ್ಯನ್ನ ತೆಗೆದ್ಬಿಡಿ," ಎಂದರು ಕಾರ್ಯದರ್ಶಿ.

"ಆ ಆನೆ ಮಾಡಿದ್ದೇ ಅವರು ಸರ್," ಎಂದೆ.

"ಇರಬಹುದು ಮೇಡಂ. ಆದ್ರೆ ಒಬ್ಬರಿಗೆ ಅಂತ ರೂಲ್ಸ್ ಮುರಿದ್ರೆ ನಾಳೆ ನಾನು ಉತ್ತರ ಕೊಡ್ಬೇಕಾಗುತ್ತೆ."

ನಾನು ಇನ್ನೊಂದು ಮಾತು ಹೇಳಬಹುದಿತ್ತು. ಈ ಪುಟ ಬಿಟ್ಟುಬಿಡಿ, ಬೇರೆ ಜಾಗ ಹಾಕಿ ಎನ್ನಬಹುದಿತ್ತು. ಹೇಳಲಿಲ್ಲ. ಸ್ಟುಡಿಯೋಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಹತ್ತು ನಿಮಿಷ ಹಿಡಿಯಿತು. ಅವರ ಕೈ ಮುಚ್ಚಿದ್ದ ಸೊಂಡಿಲಿನ ಭಾಗಕ್ಕೆ ಆನೆಯ ಹಿಂಬದಿಯಿಂದ ಎಲೆಗಳನ್ನು ನಕಲು ಮಾಡಿ, ತಿರುಗಿಸಿ, ಅಂಟಿಸಿದೆ. ಅಂಗಿ ಇದ್ದ ಕಡೆ ಹುಲ್ಲು ತುಂಬಿದೆ. ಮುಗಿಸಿದ ಮೇಲೆ ದೊಡ್ಡದು ಮಾಡಿ ನೋಡಿ, ಎಲ್ಲೂ ಗೊತ್ತಾಗುವುದಿಲ್ಲವಲ್ಲ ಎಂದು ಹೆಮ್ಮೆಪಟ್ಟಿದ್ದೂ ಉಂಟು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಕ್ಯಾಲೆಂಡರ್ ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ನನ್ನ ಹೆಸರಿತ್ತು. ಮನೆಯವರು, ನೆಂಟರು ಹೊಗಳಿದರು. ಮುನಿಯಪ್ಪ ನನಗೆ ನೆನಪಾಗಲೇ ಇಲ್ಲ ಎಂದರೆ ಸುಳ್ಳು. ನೆನಪಾದರು, ಅವರೆಲ್ಲಿ ಕ್ಯಾಲೆಂಡರ್ ನೋಡುತ್ತಾರೆ ಎಂದುಕೊಂಡು ಸುಮ್ಮನಾದೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಅವರು ಸ್ಟುಡಿಯೋಗೆ ಬಂದರು. ಬಸ್ಸಿನಲ್ಲಿ ಬಂದು, ಪುಟದಲ್ಲಿದ್ದ ವಿಳಾಸ ತೋರಿಸಿ ವಿಚಾರಿಸಿಕೊಂಡು ಬಂದಿದ್ದರು. ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಕೌಂಟರ್ ಮೇಲೆ ಆಗಸ್ಟ್ ಪುಟ ಬಿಡಿಸಿದರು.

"ಇದು ನೀವು ತೆಗ್ದಿದ್ದೇನಾ ಮೇಡಂ?"

"ಹೌದು."

"ಆನೆ ನಂದೇ. ಆದ್ರೆ ಈ ಸೊಂಡ್ಲು ನಾನು ಕತ್ತರಿಸಿದ್ದಲ್ಲ. ನೋಡಿ ಇಲ್ಲಿ, ಈ ಎಲೆಯೆಲ್ಲ ಪಡುವಣಕ್ಕೆ ಮುಖ ಮಾಡವೆ. ಅಲ್ಲಿ ಬಿಸ್ಲು ಬೀಳೋದು ಮೂಡಣದಿಂದ. ಗಿಡ ಹಂಗೆ ತಿರುಗಕಿಲ್ಲ." ಬೆರಳನ್ನು ಸರಿಯಾಗಿ ನಾನು ಅಂಟಿಸಿದ್ದ ಜಾಗದ ಮೇಲೆ ಇಟ್ಟಿದ್ದರು. "ನಾನು ರಜಾ ಹಾಕಿದ್ದಾಗ ಇನ್ಯಾರೋ ಕೈಯಾಡ್ಸವ್ರೆ. ಆವತ್ತು ಬಂದು ಇನ್ನೊಂದು ಸಲ ತೆಗೆದ್ರೇನೋ ನೀವು. ಅದಕ್ಕೇ ನಾನಿಲ್ಲ."

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರೇ ನನಗೊಂದು ಬಾಗಿಲು ತೆರೆದು ಹಿಡಿದಿದ್ದರು. ನಾನು ಕಂಪ್ಯೂಟರ್ ಹಾಕಿ, ಮೊದಲಿನ ಫೋಟೋ ತೆರೆದು, ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.

ಬಹಳ ಹೊತ್ತು ನೋಡಿದರು. "ಚೆನ್ನಾಗೇ ಬಂದೈತಲ್ಲ ಮೇಡಂ. ಏನು ತಪ್ಪಾಗಿತ್ತು ಇದ್ರಲ್ಲಿ?"

"ತಪ್ಪೇನೂ ಇರಲಿಲ್ಲ. ಜನ ಬೇಡ ಅಂತ ಸಂಘದವರು ಹೇಳಿದ್ರು."

"ಅವ್ರು ಹೇಳಿದ್ರು, ಸರಿ. ತೆಗೆದಿದ್ಯಾರು?"

"ನಾನೇ."

ಅವರು ತಲೆಯಾಡಿಸಿದರು. ಅಂಗಡಿಗೆ ಯಾರೋ ಜೆರಾಕ್ಸ್ ಕೇಳಿಕೊಂಡು ಬಂದರು, ಇಲ್ಲ ಎಂದು ಕಳಿಸಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಡುತ್ತೇನೆ ಎಂದೆ. ಅವರು ಬೇಡವೆಂದರು.

"ನನ್ನ ಮುಖ ನಾನು ನೋಡ್ಕೋಬೇಕು ಅಂತಲ್ಲ ಮೇಡಂ. ಫೋನಲ್ಲಿ ಬೇಕಾದಷ್ಟು ಅವೆ." ಆಮೇಲೆ, ನಾನು ಕೇಳದೆಯೇ ಹೇಳಿದರು.

ಡಿಸೆಂಬರಿನಲ್ಲಿ ಸಂಘಕ್ಕೆ ಹೋಗಿ ಏಳು ಕ್ಯಾಲೆಂಡರ್ ಕೇಳಿ ಇಸಿದುಕೊಂಡಿದ್ದರು. ರಬ್ಬರ್ ಬ್ಯಾಂಡ್ ಹಾಕಿದ ಸುರುಳಿಗಳನ್ನು ಬಿಚ್ಚಿ ಕೂಡ ನೋಡದೆ, ತಮಗೊಂದು ಇಟ್ಟುಕೊಂಡು, ಉಳಿದ ಆರನ್ನು ನೆಂಟರ ಮನೆಗಳಿಗೆ ಕೊಟ್ಟಿದ್ದರು. ಒಂದನ್ನು ಹೊಸಕೋಟೆ ಹತ್ತಿರದ ಹಳ್ಳಿಗೆ, ಭಾಗ್ಯಳ ಮನೆಗೆ ತಾವೇ ತೆಗೆದುಕೊಂಡು ಹೋದರು. ಮದುವೆಯ ಮಾತುಕತೆಯ ದಿನ ಆ ಮನೆಯ ಕಡೆಯವರು ಯಾರೋ, ಹುಡುಗಿ ಅಪ್ಪ ಪಾರ್ಕಿನಲ್ಲಿ ಹುಲ್ಲು ಕೀಳ್ತಾನಂತೆ ಎಂದಿದ್ದರಂತೆ. ಅದನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. "ಬಿಚ್ಚಿ ನೋಡಿ, ನಾನಿದೀನಿ ಅದ್ರಲ್ಲಿ," ಎಂದು ಹೇಳಿ ಕೊಟ್ಟಿದ್ದರು. ಮನೆಯವರೆಲ್ಲ ಸುತ್ತ ಕೂತು ಹನ್ನೆರಡು ಪುಟವನ್ನೂ ತಿರುವಿದರು. ಆಗಸ್ಟ್ ಬಂತು, ಹೋಯಿತು. ಡಿಸೆಂಬರ್ ಮುಗಿದ ಮೇಲೆ ಹಿಂಬದಿಯನ್ನೂ ನೋಡಿದರು.

"ಬೀಗಿತ್ತಿ ಏನೂ ಆಡ್ಕಳ್ಲಿಲ್ಲ ಮೇಡಂ. ಹೋಗ್ಲಿ ಬಿಡಿ ಬೀಗ್ರೆ, ಮುಂದಿನ ವರ್ಷ ಹಾಕ್ತಾರೆ ಅಂದ್ರು. ಮಗಳು ಕಾಫಿ ತಂದು ಕೊಟ್ಟಳು, ನನ್ನ ಮುಖ ನೋಡ್ಲಿಲ್ಲ. ಆಡ್ಕಂಡಿದ್ರೇ ಚೆನ್ನಾಗಿತ್ತು."

ಅವರು ಹೋದ ಮೇಲೆ ನಾನು ಅಂಗಡಿ ಮುಚ್ಚಿ ನಯಾಜ್ ಭಾಯ್ ಪ್ರೆಸ್ಸಿಗೆ ಹೋದೆ. ನಮ್ಮ ಊರಿನಲ್ಲಿ ಮದುವೆ ಕಾರ್ಡು, ಕರಪತ್ರ ಅಚ್ಚು ಮಾಡುವವರು. ಕ್ಯಾಲೆಂಡರ್ ಅಚ್ಚಾಗಿದ್ದೂ ಅಲ್ಲೇ. ಎಲ್ಲ ಹೇಳಿ, ಆಗಸ್ಟ್ ಪುಟವನ್ನು ಅದೇ ಅಳತೆಯಲ್ಲಿ, ಕೆಳಗೆ ಅದೇ ದಿನಾಂಕಗಳ ಸಮೇತ, ಮೊದಲಿನ ಫೋಟೋ ಹಾಕಿ ಒಂದು ಮಾಡಿಕೊಡಿ ಎಂದೆ.

ಅವರು ಕನ್ನಡಕ ಮೇಲೆತ್ತಿಕೊಂಡು ಫೋಟೋ ನೋಡಿದರು. "ಸಮಿತಿಗೆ ತೋರಿಸೋಕೆ ಪ್ರಿಂಟ್ ಹಾಕ್ಸೋವಾಗ ಈ ಫೈಲೇ ಕಳಿಸಿದ್ರಿ ನೀವು. ಆಮೇಲೆ ಇನ್ನೊಂದು ಬಂತು, ಆದ್ಮಿ ಇರ್ಲಿಲ್ಲ. ಯಾಕೆ ಅಂತ ಕೇಳ್ಬೇಕು ಅನ್ಕೊಂಡೆ ಅಕ್ಕಾ. ಮಷಿನ್ ಓಡ್ತಿತ್ತು, ಕೇಳ್ಲಿಲ್ಲ." ಕನ್ನಡಕ ಇಳಿಸಿಕೊಂಡು, "ಒಂದು ಯಾಕೆ, ಆರು ಮನೆಗೆ ಕೊಟ್ಟಿದ್ದಾರೆ ಅಂದ್ರಲ್ಲ, ಆರೂ ಮಾಡೋಣ," ಎಂದರು. ಮಾರನೆಯ ದಿನ ಮಧ್ಯಾಹ್ನವೇ ಆರು ಹಾಳೆ ಕೊಟ್ಟರು.

ಹಾಳೆಗಳನ್ನು ಮುನಿಯಪ್ಪನವರ ಕೈಗೆ ಕೊಟ್ಟು ಬಂದರೆ ಸಾಕಾಗುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಅವರೇ ತೆಗೆದುಕೊಂಡು ಹೋದರೆ, ಹಟಕ್ಕೆ ಬಿದ್ದು ಮಾಡಿಸಿಕೊಂಡು ಬಂದಿದ್ದಾರೆ ಎಂದು ಆ ಮನೆಯವರು ಅಂದುಕೊಳ್ಳುತ್ತಾರೆ. ಭಾನುವಾರ ತೋಟಕ್ಕೆ ಹೋಗಿ, ಬನ್ನಿ ನಿಮ್ಮ ಮಗಳ ಮನೆಗೆ ಹೋಗಿ ಬರೋಣ ಎಂದೆ. ಬೇಡ, ಬಿಡಿ ಎಂದು ತಡೆದರು. ಆಮೇಲೆ ಕೋಣೆಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದು ಸ್ಕೂಟರಿನ ಹಿಂದೆ ಕೂತರು. ಬಿಸಿಲು ಏರಿತ್ತು. ಲೇಔಟಿಗೆಂದು ನೆಲಸಮ ಮಾಡಿದ ದ್ರಾಕ್ಷಿ ತೋಟಗಳ ಕೆಂಪು ಧೂಳು ಗಾಳಿಗೆ ಏಳುತ್ತಿತ್ತು.

ಬೀಗಿತ್ತಿ ರತ್ನಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ದಪ್ಪ ಧ್ವನಿಯ, ಕಣ್ಣಿಟ್ಟು ನೋಡುವ ಹೆಂಗಸು. ಭಾಗ್ಯ ಅಪ್ಪನನ್ನು ಕಂಡು ಎದ್ದು ನಿಂತಳು, ಪಕ್ಕದಲ್ಲಿ ನನ್ನನ್ನು ನೋಡಿ ಗಾಬರಿಯಾದಳು. ನೀರು ಕೊಟ್ಟರು. ಕುಡಿದೆ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ಜನವರಿಯ ಎತ್ತು ನನ್ನನ್ನೇ ನೋಡುತ್ತಿತ್ತು.

"ಆ ಕ್ಯಾಲೆಂಡರಿನ ಫೋಟೋ ತೆಗೆದೋಳು ನಾನು," ಎಂದೆ. "ಇವರು ನಿಮಗೆ ಹೇಳಿದ್ದು ಸುಳ್ಳಲ್ಲ. ಆಗಸ್ಟ್ ಪುಟದಲ್ಲಿ ಇವರಿದ್ರು. ತೆಗೆದ ಮೇಲೆ ಅಳಿಸಿದ್ದು ನಾನು."

ರತ್ನಮ್ಮನ ಕೈ ನಿಂತಿತು. "ಅಳಿಸೋದು ಅಂದ್ರೆ? ಸ್ಲೇಟ್ ಒರೆಸಿದಂಗಾ?"

"ಹೂಂ. ಹಾಗೇ."

"ಮನುಷ್ಯನ್ನ?"

ನಾನು ಹಾಳೆ ಬಿಚ್ಚಿ ಕೊಟ್ಟೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಭಾಗ್ಯಳಿಗೆ ಹೇಳಿ ಗೋಡೆಯ ಕ್ಯಾಲೆಂಡರ್ ಇಳಿಸಿ, ಆಗಸ್ಟ್ ಪುಟ ತೆಗೆಸಿ, ಎರಡನ್ನೂ ಪಕ್ಕಪಕ್ಕ ನೆಲದ ಮೇಲೆ ಇಟ್ಟು ಬಗ್ಗಿ ನೋಡಿದರು. ಬೈಯುತ್ತಾರೆ ಎಂದು ನಾನು ಕಾದಿದ್ದೆ.

"ಬೀಗ್ರೆ, ಈ ಆನೆ ಇಷ್ಟು ದೊಡ್ಡದಾ?" ಎಂದರು. "ಮೊದ್ಲಿನದ್ರಲ್ಲಿ ಗೊತ್ತೇ ಆಗ್ಲಿಲ್ಲ ನೋಡಿ. ಮಕ್ಳು ಆಡೋ ಬೊಂಬೆ ಇದ್ದಂಗಿತ್ತು. ಇದ್ರಲ್ಲಿ ನಿಮ್ಮ ತಲೆ ಅದರ ಕಿವೀಗೂ ಮುಟ್ಟಿಲ್ಲ."

ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದವಳಿಗೆ ಅದು ಹೊಳೆದಿರಲಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ತಾನೆ ಆನೆ ಎಷ್ಟು ದೊಡ್ಡದು ಎಂದು ಗೊತ್ತಾಗುವುದು. ಆ ವರ್ಷ ನಾನು ಕಾದು ಕಾದು ಖಾಲಿ ಮಾಡಿ ತೆಗೆದ ಬಂಡೆ, ಕೋಟೆ, ಹೊಲ ಎಲ್ಲವೂ ಅಲ್ಲೇ ಆ ಜಗುಲಿಯ ಮೇಲೆ ನನ್ನ ಕಣ್ಣಲ್ಲಿ ಚಿಕ್ಕದಾದವು.

ಭಾಗ್ಯ ಗೋಂದು ತಂದು ಹಳೆಯ ಪುಟದ ಮೇಲೆ ಹೊಸದನ್ನು ಅಂಟಿಸಿದಳು. ಮೂಲೆಗಳನ್ನು ಅಂಗೈಯಲ್ಲಿ ಒತ್ತಿ ಒತ್ತಿ ಕೂರಿಸಿದಳು. ಅಪ್ಪನ ಅಂಗಿಯ ಮೇಲೆ ಒಂದು ಗುಳ್ಳೆ ಎದ್ದಿತ್ತು. ಅದನ್ನು ಬೆರಳಿನಲ್ಲಿ ನಿಧಾನವಾಗಿ ಅಂಚಿನ ತನಕ ತಳ್ಳಿದಳು. ಮತ್ತೆ ಗೋಡೆಗೆ ಹಾಕುವಾಗ ಜನವರಿಗೆ ತಿರುವಲು ಹೋದಳು.

"ಅದೇ ಇರ್ಲಿ ಬಿಡೇ," ಎಂದರು ರತ್ನಮ್ಮ.

ಮುನಿಯಪ್ಪನವರಿಗೆ ಸಂಕೋಚವಾಯಿತು. "ಸಂಕ್ರಾಂತಿ ತಿಂಗಳಲ್ಲಿ ಆಗಸ್ಟ್ ಹಾಕಿದ್ರೆ ಬಂದೋರು ನಗಾಡಲ್ವಾ ಬೀಗಿತ್ತಿ?"

"ನಗ್ಲಿ. ನಕ್ಕಿದ್ಮೇಲೆ ಯಾಕೆ ಹಿಂಗೆ ಹಾಕಿದೀರಿ ಅಂತ ಕೇಳ್ತಾರೆ. ಆಗ ಹೇಳ್ತೀನಿ. ಏಕಾದಶಿ, ಅಮಾಸೆ ನೋಡೋಕೆ ಒಳಗೆ ಇನ್ನೊಂದು ಐತೆ."

ಊಟ ಮಾಡದೆ ಬಿಡಲಿಲ್ಲ. ಅವರೆಕಾಳು ಸಾರು, ಮುದ್ದೆ. ಭಾಗ್ಯ ಅಪ್ಪನಿಗೆ ಬಡಿಸುತ್ತ ಎರಡನೆಯ ಮುದ್ದೆಯನ್ನು ಕೇಳದೆ ಹಾಕಿದಳು. ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದು ಸರಿಯಾಗಿಯೇ ಇತ್ತು.

ವಾಪಸು ಬರುವಾಗ ಮುನಿಯಪ್ಪ ತೋಟದ ಗೇಟಿನ ಹತ್ತಿರ ಇಳಿದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಉಳಿದ ಐದು ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು, "ಇನ್ನೊಂದು ಸಲ ಆನೆ ತೆಗೆಯೋದಿದ್ರೆ ಬೆಳಿಗ್ಗೇನೇ ಬನ್ನಿ ಮೇಡಂ. ಮಧ್ಯಾಹ್ನ ಆದ್ರೆ ನೆರಳು ಕಾಲಡಿಗೆ ಬಂದ್ಬಿಡ್ತದೆ," ಎಂದು ಹೇಳಿ ಒಳಗೆ ಹೋದರು.

ಸಂಘದವರು ಮುಂದಿನ ವರ್ಷದ್ದಕ್ಕೂ ನನ್ನನ್ನು ಕೇಳಿದರು. ಅಲ್ಲಿ ಇದ್ದವರನ್ನು ಅಳಿಸುವುದಿಲ್ಲ ಎಂದೆ. ಬೇರೆಯವರಿಗೆ ಕೊಟ್ಟರು. ಮುನಿಯಪ್ಪನವರು ಹಂಚಿದ ಆರು ಮನೆಗಳಲ್ಲಿ ಸರಿಯಾದ ಪುಟ ಇತ್ತು. ಉಳಿದ ಸಾವಿರಾರು ಮನೆ, ಅಂಗಡಿ, ಡೇರಿಗಳಲ್ಲಿ ನಾನು ಅಂಟಿಸಿದ ಎಲೆಗಳೇ ಇದ್ದವು. ಅದನ್ನು ನಾನು ಏನೂ ಮಾಡುವ ಹಾಗಿರಲಿಲ್ಲ. ಆಗಸ್ಟ್ ಬರುವುದೇ ಬೇಡ ಎನ್ನಿಸುತ್ತಿತ್ತು.

ಬಂದೇ ಬಂತು. ಮೊದಲ ವಾರದಲ್ಲೇ ಒಂದು ಗೃಹಪ್ರವೇಶದ ಫೋಟೋ ಮುಗಿಸಿಕೊಂಡು ನೆಲಮಂಗಲದಲ್ಲಿ ಸಣ್ಣ ಹೋಟೆಲಿಗೆ ಟೀ ಕುಡಿಯಲು ಹೋದೆ. ಹೊರಗೆ ಜೋರು ಮಳೆ, ಒಳಗೆ ನಾನೊಬ್ಬಳೇ. ಗಲ್ಲಾದ ಮೇಲೆ ಆ ಪುಟ ನೇತಾಡುತ್ತಿತ್ತು. ಹೋಟೆಲಿನ ಯಜಮಾನರು ನಾನು ಅದನ್ನೇ ನೋಡುತ್ತಿರುವುದನ್ನು ಕಂಡರು.

"ಎಷ್ಟು ಚೆನ್ನಾಗಿದೆ ಅಲ್ವಾ ಮೇಡಂ," ಎಂದರು. "ಯಾವ ಜಾಗವೋ ಏನೋ. ಒಂದು ನರಪಿಳ್ಳೆ ಇಲ್ಲ, ಎಷ್ಟು ನಿಶ್ಶಬ್ದವಾಗಿದೆ."

"ಕುಂದಾಣದ ದಾರೀಲಿದೆ," ಎಂದೆ. "ಅಲ್ಲಿ ಒಬ್ಬರು ಇದ್ದಾರೆ. ಮುನಿಯಪ್ಪ ಅಂತ."

ಅವರು ಎದ್ದು ನಿಂತು, ಕ್ಯಾಲೆಂಡರಿನ ಹತ್ತಿರಕ್ಕೆ ಮುಖ ಒಯ್ದು, ಆನೆಯ ಹಿಂದೆ, ಮರಗಳ ಕೆಳಗೆ, ಮೂಲೆಮೂಲೆಯಲ್ಲೂ ಹುಡುಕಿದರು. "ಎಲ್ಲಿ ಮೇಡಂ? ಕಾಣ್ತಿಲ್ವಲ್ಲ."

ನಾನು ಟೀ ಲೋಟ ಕೆಳಗಿಟ್ಟು ಗಲ್ಲಾದ ಹತ್ತಿರ ಹೋಗಿ, ಸೊಂಡಿಲಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲಿ."